ಒಂದು ಆಮ್ಲಜನಕ ಪರಮಾಣುವಿನ ತೀರ್ಮಾನ



ನಮ್ಮ ಮೈಯ ಒಂದೊಂದು ಜೀವಕೋಶಕ್ಕೂ ತನ್ನ ಸುತ್ತ ಆಮ್ಲಜನಕ ಎಷ್ಟಿದೆ ಎಂಬುದು ಗೊತ್ತಾಗುತ್ತದೆ. ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ, ತನ್ನದೇ ಆದ ನರವೂ ಇಲ್ಲ. ಆದರೂ ಗೊತ್ತಾಗುತ್ತದೆ. ಬಯಲಿನವರು ಲಡಾಖಿನಂಥ ಎತ್ತರದ ಸೀಮೆಗೆ ಹೋಗಿ ಕೆಲವು ವಾರ ನಿಂತರೆ ಅವರ ರಕ್ತದಲ್ಲಿ ಕೆಂಪು ಕಣಗಳು ಹೆಚ್ಚುತ್ತವೆ. ಗಾಯವಾದ ಜಾಗಕ್ಕೆ ಹೊಸ ರಕ್ತನಾಳಗಳು ಹರಿದು ಬರುತ್ತವೆ. ಓಡುವವರ ಕಾಲಿನ ಸ್ನಾಯುವಿಗೆ ಗಾಳಿ ಸಾಲದಾದಾಗ ಅದು ಸಕ್ಕರೆಯನ್ನು ಬೇರೊಂದು ದಾರಿಯಲ್ಲಿ ಒಡೆದುಕೊಳ್ಳುತ್ತದೆ. ಇದನ್ನೆಲ್ಲ ಯಾರೂ ಮೇಲಿನಿಂದ ಅಪ್ಪಣೆ ಕೊಟ್ಟು ಮಾಡಿಸುವುದಿಲ್ಲ. ಜೀವಕೋಶದ ಒಳಗೇ, ಎರಡು ಪ್ರೋಟೀನುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆಯೋ ಇಲ್ಲವೋ ಎಂಬುದರ ಮೇಲೆ ಈ ತೀರ್ಮಾನಗಳು ನಿಂತಿವೆ. ಆ ಹಿಡಿತವನ್ನು ನಿರ್ಧರಿಸುವುದು ಒಂದೇ ಒಂದು ಆಮ್ಲಜನಕ ಪರಮಾಣು. ಇವತ್ತಿನ ಮಾತು ಆ ಪರಮಾಣುವಿನ ಬಗ್ಗೆ.

ಮೊದಲು ಎರಡು ಮಾತು ಪ್ರೋಟೀನುಗಳ ಬಗ್ಗೆ. ಮನುಷ್ಯನಲ್ಲಿ ಪ್ರೋಟೀನು ತಯಾರಿಸುವ ವಂಶವಾಹಿಗಳು ಸುಮಾರು 20,000. ಇಷ್ಟನ್ನು ಪಟ್ಟಿ ಮಾಡಿಬಿಟ್ಟರೆ ಜೀವಕೋಶ ಅರ್ಥವಾಯಿತು ಎಂದು ಭಾವಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರೋಟೀನು ಒಂಟಿಯಾಗಿ ಮಾಡುವ ಕೆಲಸ ಕಡಿಮೆ. ಯಾವುದು ಯಾವುದರ ಜೊತೆ ಸೇರುತ್ತದೆ, ಎಷ್ಟು ಹೊತ್ತು ಸೇರಿರುತ್ತದೆ, ಯಾವಾಗ ಬಿಡುತ್ತದೆ ಎಂಬುದರಲ್ಲೇ ಜೀವಂತಿಕೆ ಇದೆ. ಈ ಸೇರುವಿಕೆ ಹುಟ್ಟಿನಿಂದ ನಿಗದಿಯಾದದ್ದಲ್ಲ. ಪ್ರೋಟೀನು ತಯಾರಾದ ಮೇಲೆ ಅದರ ಮೈಗೆ ಜೀವಕೋಶ ಸಣ್ಣ ಸಣ್ಣ ರಾಸಾಯನಿಕ ಗುರುತುಗಳನ್ನು ಹಚ್ಚುತ್ತದೆ. ಫಾಸ್ಫೇಟ್, ಅಸಿಟೈಲ್, ಮಿಥೈಲ್, ಹೈಡ್ರಾಕ್ಸಿಲ್ ಹೀಗೆ ಹಲವು ಬಗೆ. ಹಿಂದೆ ಅಂಚೆಯಲ್ಲಿ ಬಂದ ಕಾಗದದ ಮೂಲೆಗೆ ಅರಿಶಿನ ಹಚ್ಚಿದ್ದರೆ ಅದು ಮಂಗಳಕಾರ್ಯದ ಕರೆ, ಮೂಲೆ ಹರಿದಿದ್ದರೆ ಸಾವಿನ ಸುದ್ದಿ ಎಂದು ಒಡೆದು ಓದುವ ಮುಂಚೆಯೇ ಮನೆಯವರಿಗೆ ತಿಳಿಯುತ್ತಿತ್ತಲ್ಲ, ಹಾಗೆ. ಅರಿಶಿನಕ್ಕೆ ತೂಕವೆಂಬುದೇ ಇಲ್ಲ, ಆದರೆ ಅದನ್ನು ಕಂಡವರ ನಡೆ ಪೂರ್ತಿ ಬದಲಾಗುತ್ತದೆ.

ಇಂಥ ಗುರುತುಗಳಲ್ಲಿ ಹೆಚ್ಚು ಹೆಸರಾದದ್ದು ಫಾಸ್ಫೇಟ್. 1955ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್, ಸ್ನಾಯುವಿನ ಒಂದು ಕಿಣ್ವಕ್ಕೆ ಫಾಸ್ಫೇಟ್ ಸೇರಿದಾಗ ಅದು ಚುರುಕಾಗುತ್ತದೆಂದು ತೋರಿಸಿದರು. ನೊಬೆಲ್ ಬಂದದ್ದು 1992ರಲ್ಲಿ. ಆ ನಡುವೆ ಇನ್ನೊಂದು ಮುಖ್ಯ ಸಂಗತಿ ನಡೆಯಿತು. ಕೆನಡಾದಲ್ಲಿ ಕೆಲಸ ಮಾಡುತ್ತಿದ್ದ ಟೋನಿ ಪಾಸನ್ 1986ರಲ್ಲಿ ಹಲವು ಪ್ರೋಟೀನುಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಭಾಗವನ್ನು ಗುರುತಿಸಿದರು. ಅದಕ್ಕೆ ಎಸ್‌ಎಚ್2 ಎಂದು ಹೆಸರು. ಟೈರೋಸಿನ್ ಎಂಬ ಅಮೈನೋ ಆಮ್ಲದ ಮೇಲೆ ಫಾಸ್ಫೇಟ್ ಇದ್ದರೆ ಈ ಭಾಗ ಅದನ್ನು ಹಿಡಿಯುತ್ತದೆ, ಇಲ್ಲದಿದ್ದರೆ ಹಿಡಿಯುವುದಿಲ್ಲ ಎಂಬುದು 1990ರ ಹೊತ್ತಿಗೆ ಸ್ಪಷ್ಟವಾಯಿತು. ರಾಸಾಯನಿಕ ಗುರುತು ಕಿಣ್ವದ ವೇಗ ಬದಲಿಸುವುದಷ್ಟೇ ಅಲ್ಲ, ಯಾರು ಯಾರ ಜೊತೆ ಸೇರಬೇಕೆಂಬುದನ್ನೂ ನಿರ್ಧರಿಸುತ್ತದೆ ಎಂಬ ತಿಳಿವಳಿಕೆ ಗಟ್ಟಿಯಾದದ್ದು ಹೀಗೆ.

ಫಾಸ್ಫೇಟ್ ದೊಡ್ಡ ಗುರುತು. ಅದಕ್ಕೆ ಋಣ ವಿದ್ಯುದಂಶ ಬೇರೆ ಇದೆ. ಅದನ್ನು ಇನ್ನೊಂದು ಪ್ರೋಟೀನು ಗುರುತಿಸುವುದರಲ್ಲಿ ಅಷ್ಟೇನೂ ಆಶ್ಚರ್ಯವಿಲ್ಲ. ಆದರೆ ಒಂದೇ ಪರಮಾಣು ಹೆಚ್ಚಾದರೆ? ಅದನ್ನು ಯಾರು ಗಮನಿಸುತ್ತಾರೆ?

ಇಲ್ಲಿಂದ ಕಥೆ ಮೂತ್ರಪಿಂಡಕ್ಕೆ ಹೋಗುತ್ತದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಮೂತ್ರಪಿಂಡ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಅದು ಮೂಳೆಯ ಮಜ್ಜೆಗೆ ಹೋಗಿ ಕೆಂಪು ಕಣಗಳ ತಯಾರಿಕೆಯನ್ನು ಹೆಚ್ಚಿಸುತ್ತದೆ. ಮೂತ್ರಪಿಂಡಕ್ಕೆ ಆಮ್ಲಜನಕ ಕಡಿಮೆಯಾದದ್ದು ಹೇಗೆ ತಿಳಿಯಿತು ಎಂಬುದು ಮಾತ್ರ ಬಹುಕಾಲ ಒಗಟಾಗಿಯೇ ಉಳಿದಿತ್ತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಗ್ರೆಗ್ ಸೆಮೆಂಜಾ ಈ ಹಾರ್ಮೋನಿನ ವಂಶವಾಹಿಯ ಪಕ್ಕದ ಡಿಎನ್‌ಎಗೆ ಅಂಟಿಕೊಳ್ಳುವ ಒಂದು ಪ್ರೋಟೀನನ್ನು 1992ರಲ್ಲಿ ಗುರುತಿಸಿದರು. ಅದೇ ಹಿಫ್. ಅದರಲ್ಲಿ ಆಲ್ಫಾ, ಬೀಟಾ ಎಂಬ ಎರಡು ಭಾಗಗಳಿವೆ. ಬೀಟಾ ಯಾವಾಗಲೂ ಇರುತ್ತದೆ. ಆಲ್ಫಾ ಮಾತ್ರ ಆಮ್ಲಜನಕ ಕಡಿಮೆ ಇದ್ದಾಗ ಕಾಣಿಸಿಕೊಳ್ಳುತ್ತದೆ, ಗಾಳಿ ಸಾಕಷ್ಟು ಸಿಕ್ಕಿದ ಕೂಡಲೇ ಕೆಲವೇ ನಿಮಿಷಗಳಲ್ಲಿ ಕಾಣೆಯಾಗುತ್ತದೆ. ಆಕ್ಸ್‌ಫರ್ಡ್‌ನಲ್ಲಿ ಮೂತ್ರಪಿಂಡ ತಜ್ಞರಾಗಿದ್ದ ಪೀಟರ್ ರಾಟ್‌ಕ್ಲಿಫ್, ಈ ಏರ್ಪಾಡು ಮೂತ್ರಪಿಂಡಕ್ಕೆ ಮೀಸಲಲ್ಲ, ಬೇರೆ ಬೇರೆ ಬಗೆಯ ಜೀವಕೋಶಗಳಲ್ಲೂ ಇದೆ ಎಂದು 1993ರಲ್ಲಿ ತೋರಿಸಿದರು. ಬರೀ ಒಂದು ಹಾರ್ಮೋನಿನ ಪ್ರಶ್ನೆ ಇಡೀ ದೇಹದ ಪ್ರಶ್ನೆಯಾದದ್ದು ಆಗ.

ಮೂರನೆಯವರು ಬಾಸ್ಟನ್ನಿನ ವಿಲಿಯಂ ಕೇಲಿನ್. ಅವರು ಹೊರಟದ್ದು ಆಮ್ಲಜನಕದ ಹಿಂದೆ ಅಲ್ಲ, ಒಂದು ಅಪರೂಪದ ಕುಟುಂಬರೋಗದ ಹಿಂದೆ. ಜರ್ಮನಿಯ ಕಣ್ಣಿನ ವೈದ್ಯ ಯೂಜೆನ್ ಫಾನ್ ಹಿಪ್ಪೆಲ್ ಮತ್ತು ಸ್ವೀಡನ್ನಿನ ಆರ್ವಿಡ್ ಲಿಂಡೌ ಇವರ ಹೆಸರಿನಲ್ಲಿ ಕರೆಯುವ ಕಾಯಿಲೆ ಅದು. ಸುಮಾರು 36,000 ಜನನಗಳಿಗೆ ಒಂದರಂತೆ ಕಾಣುತ್ತದೆ. ಕಣ್ಣಿನ ಅಕ್ಷಿಪಟಲದಲ್ಲಿ, ಮೆದುಳಿನಲ್ಲಿ, ಬೆನ್ನುಹುರಿಯಲ್ಲಿ, ಮೂತ್ರಪಿಂಡದಲ್ಲಿ ಗೆಡ್ಡೆಗಳಾಗುತ್ತವೆ. ಆ ಗೆಡ್ಡೆಗಳಲ್ಲಿ ರಕ್ತನಾಳಗಳು ಕಿಕ್ಕಿರಿದಿರುತ್ತವೆ. ಕೆಲವು ರೋಗಿಗಳಲ್ಲಿ ಕೆಂಪು ಕಣಗಳೂ ಹೆಚ್ಚಾಗಿರುತ್ತವೆ. ಆಮ್ಲಜನಕ ಬೇಕಾದಷ್ಟಿದ್ದರೂ ಇಲ್ಲವೆಂಬಂತೆ ಈ ಜೀವಕೋಶಗಳು ನಡೆದುಕೊಳ್ಳುತ್ತಿವೆ ಎಂದು ಕೇಲಿನ್‌ಗೆ ಹೊಳೆಯಿತು. ರೋಗಕ್ಕೆ ಕಾರಣವಾದ ವಂಶವಾಹಿ 1993ರಲ್ಲಿ ಸಿಕ್ಕಿತು. ಅದು ತಯಾರಿಸುವ ಪ್ರೋಟೀನಿಗೆ ವಿಎಚ್‌ಎಲ್ ಎಂದು ಹೆಸರು. ಅದು ಹಿಫ್ ಆಲ್ಫಾವನ್ನು ಹಿಡಿಯುತ್ತದೆ, ಹಿಡಿದು ನಾಶಕ್ಕೆ ಒಪ್ಪಿಸುತ್ತದೆ ಎಂದು 1999ರಲ್ಲಿ ರಾಟ್‌ಕ್ಲಿಫ್ ತಂಡ ತೋರಿಸಿತು. ಆದರೆ ಆಮ್ಲಜನಕ ಇದ್ದಾಗ ಹಿಡಿಯುವ ಈ ಪ್ರೋಟೀನು ಇಲ್ಲದಾಗ ಏಕೆ ಬಿಟ್ಟುಬಿಡುತ್ತದೆ?

ಇಲ್ಲಿ ನಡೆದ ಪ್ರಯೋಗವನ್ನು ನಾನು ಸ್ವಲ್ಪ ವಿವರವಾಗಿ ಹೇಳಬೇಕು. ಜೀವರಸಾಯನದಲ್ಲಿ ಇಷ್ಟು ಸರಳವಾದ, ಇಷ್ಟು ನೇರವಾದ ಪ್ರಯೋಗಗಳು ಹೆಚ್ಚಿಲ್ಲ. ಕೇಲಿನ್ ತಂಡ ಹಿಫ್‌ನ ಒಂದು ತುಣುಕನ್ನು ಗೋಧಿಯ ಮೊಳಕೆಭಾಗದಿಂದ ತೆಗೆದ ಸಾರದಲ್ಲಿ ತಯಾರಿಸಿತು. ಅದನ್ನು ವಿಎಚ್‌ಎಲ್ ಹಿಡಿಯಲಿಲ್ಲ. ಅದೇ ತುಣುಕನ್ನು ಮೊಲದ ಎಳೆಯ ಕೆಂಪು ರಕ್ತಕಣಗಳ ಸಾರದಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆದರೆ ಹಿಡಿಯಿತು. ಅಂದರೆ ಪ್ರಾಣಿಯ ಜೀವಕೋಶದಲ್ಲಿರುವ ಏನೋ ಒಂದು ಆ ತುಣುಕಿಗೆ ಏನನ್ನೋ ಮಾಡುತ್ತಿದೆ. ಅದು ಫಾಸ್ಫೇಟ್ ಇರಬಹುದೆಂದು ಆ ದಿನಗಳಲ್ಲಿ ಯಾರಾದರೂ ಊಹಿಸುತ್ತಿದ್ದರು. ಆದರೆ ಸುಳಿವು ಬೇರೆ ಕಡೆ ಇತ್ತು. ಜೀವಕೋಶದಲ್ಲಿರುವ ಕಬ್ಬಿಣವನ್ನು ಔಷಧಿಯಿಂದ ಹಿಡಿದಿಟ್ಟರೆ, ಅಥವಾ ಕೋಬಾಲ್ಟ್ ಹಾಕಿದರೆ, ಗಾಳಿ ಎಷ್ಟಿದ್ದರೂ ಹಿಫ್ ಉಳಿಯುತ್ತಿತ್ತು. ಕಬ್ಬಿಣ ಮತ್ತು ಆಮ್ಲಜನಕ ಎರಡೂ ಬೇಕಾದ, ಪ್ರೋಟೀನಿನ ಮೇಲೆ ಆಗುವ ಬದಲಾವಣೆ ಯಾವುದು? ತುಣುಕಿನ ತೂಕ ನೋಡಿದರು. ಒಂದು ಆಮ್ಲಜನಕ ಪರಮಾಣುವಿನಷ್ಟು, ಅಂದರೆ 16 ಏಕಮಾನ ಹೆಚ್ಚಾಗಿತ್ತು. ಪ್ರೋಲೀನ್ ಎಂಬ ಅಮೈನೋ ಆಮ್ಲದ ಮೇಲೆ ಹೈಡ್ರಾಕ್ಸಿಲ್ ಸೇರಿತ್ತು. 2001ರ ಏಪ್ರಿಲ್‌ನಲ್ಲಿ ಕೇಲಿನ್ ಮತ್ತು ರಾಟ್‌ಕ್ಲಿಫ್ ತಂಡಗಳ ಎರಡು ಲೇಖನಗಳು ಸೈನ್ಸ್ ಪತ್ರಿಕೆಯಲ್ಲಿ ಒಟ್ಟಿಗೆ ಬಂದವು. ಎರಡೂ ಒಂದೇ ಉತ್ತರ ಹೇಳಿದವು.

ಲೆಕ್ಕ ನೋಡಿ. ಹಿಫ್-1 ಆಲ್ಫಾದಲ್ಲಿ 826 ಅಮೈನೋ ಆಮ್ಲಗಳಿವೆ, ತೂಕ ಸುಮಾರು 93,000 ಏಕಮಾನ. ಅದಕ್ಕೆ ಸೇರಿದ್ದು 16. ಸೇರಿದ ಜಾಗ 564ನೆಯ ಪ್ರೋಲೀನ್. 402ನೆಯ ಇನ್ನೊಂದು ಪ್ರೋಲೀನ್ ಕೂಡ ಹೀಗೇ ಬದಲಾಗುತ್ತದೆ. ಈ ಬದಲಾವಣೆಯಾದರೆ ವಿಎಚ್‌ಎಲ್ ಹಿಡಿಯುವ ಬಿಗಿ ಸುಮಾರು ಸಾವಿರ ಪಟ್ಟು ಏರುತ್ತದೆ. 2002ರಲ್ಲಿ ಎರಡೂ ಕೂಡಿಕೊಂಡ ಸ್ಥಿತಿಯ ಹರಳುಗಳನ್ನು ಬೆಳೆಸಿ, ಎಕ್ಸ್-ಕಿರಣದಿಂದ ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ವಿಎಚ್‌ಎಲ್‌ನ ಮೈಯಲ್ಲಿ ಒಂದು ಸಣ್ಣ ಗುಳಿ ಇದೆ. ಹಿಫ್‌ನ ಪ್ರೋಲೀನ್ ಅದರೊಳಗೆ ಹುದುಗಿ ಕೂರುತ್ತದೆ. ಹೊಸದಾಗಿ ಸೇರಿದ ಹೈಡ್ರಾಕ್ಸಿಲ್ ಗುಳಿಯ ತಳದಲ್ಲಿರುವ 111ನೆಯ ಸೆರಿನ್ ಮತ್ತು 115ನೆಯ ಹಿಸ್ಟಿಡಿನ್ ಇವೆರಡರ ಜೊತೆ ಜಲಜನಕ ಬಂಧ ಹೂಡುತ್ತದೆ. ಆ ಪರಮಾಣು ಇಲ್ಲದಿದ್ದರೆ ಆ ಬಂಧಗಳಿಲ್ಲ, ಹಿಡಿತವೂ ಇಲ್ಲ. ನಾವು ಒಳಗೆಳೆದುಕೊಂಡ ಗಾಳಿಯ ಆಮ್ಲಜನಕವೇ, ಅದೇ ಪರಮಾಣುವೇ, ಆ ಗುಳಿಯಲ್ಲಿ ಕೂತಿರುತ್ತದೆ ಎಂಬುದನ್ನು ನೆನೆದಾಗ ನನಗೆ ಈಗಲೂ ರೋಮಾಂಚನವಾಗುತ್ತದೆ. ಆಮ್ಲಜನಕದ ಒಂದು ಅಣುವಿನಲ್ಲಿರುವ ಎರಡು ಪರಮಾಣುಗಳಲ್ಲಿ ಒಂದು ಪ್ರೋಲೀನಿಗೆ ಹೋಗುತ್ತದೆ. ಇನ್ನೊಂದು ಜೀವಕೋಶದ ಸಕ್ಕರೆ ಉರಿಸುವ ಚಕ್ರದಲ್ಲಿರುವ ಒಂದು ಆಮ್ಲಕ್ಕೆ ಸೇರುತ್ತದೆ. ಇದನ್ನು ಮಾಡಿಸುವ ಕಿಣ್ವ ಆಮ್ಲಜನಕವನ್ನು ಸಡಿಲವಾಗಿ ಹಿಡಿಯುವಂಥದ್ದು. ಅದರಿಂದಲೇ ಆಮ್ಲಜನಕ ತುಸು ಇಳಿದರೂ ಅದರ ಕೆಲಸ ನಿಧಾನವಾಗುತ್ತದೆ. ಅಳತೆಗೋಲಾಗಿ ಅದು ಕೆಲಸಕ್ಕೆ ಬರುವುದು ಈ ಸಡಿಲತನದಿಂದ.

ಇನ್ನೊಂದು ವಿಷಯ ಇದಕ್ಕಿಂತಲೂ ಚೆನ್ನಾಗಿದೆ. ಹಿಫ್‌ನ 803ನೆಯ ಜಾಗದಲ್ಲಿ ಆಸ್ಪರಾಜಿನ್ ಎಂಬ ಅಮೈನೋ ಆಮ್ಲವಿದೆ. ಬೇರೊಂದು ಕಿಣ್ವ ಅದಕ್ಕೂ ಹೈಡ್ರಾಕ್ಸಿಲ್ ಸೇರಿಸುತ್ತದೆ ಎಂದು 2002ರಲ್ಲಿ ಗೊತ್ತಾಯಿತು. ಆದರೆ ಇಲ್ಲಿ ಫಲ ತಿರುಗಾಮುರುಗಾ. ವಂಶವಾಹಿಗಳನ್ನು ಓದಿಸಲು ಹಿಫ್‌ಗೆ ಪಿ300 ಎಂಬ ಜೊತೆಗಾರ ಪ್ರೋಟೀನು ಬೇಕು. ಕೂಡಿಕೊಳ್ಳುವಾಗ ಈ ಆಸ್ಪರಾಜಿನ್ ಎರಡರ ನಡುವೆ ಒಳಗೆ ಸಿಕ್ಕಿಕೊಳ್ಳುತ್ತದೆ, ಅಲ್ಲಿ ಒಂದು ಪರಮಾಣುವಿಗೂ ಹೆಚ್ಚುವರಿ ಜಾಗವಿಲ್ಲ. ಹೈಡ್ರಾಕ್ಸಿಲ್ ಬಂದು ಕೂತರೆ ಪಿ300 ಹಿಡಿಯಲಾರದು. ಒಂದೇ ಪ್ರೋಟೀನು, ಒಂದೇ ಬಗೆಯ ಗುರುತು. 564ರಲ್ಲಿ ಅದು ಕೂಡಿಸುತ್ತದೆ, 803ರಲ್ಲಿ ಅಗಲಿಸುತ್ತದೆ. ಎರಡನೆಯ ಕಿಣ್ವ ನಿಲ್ಲಬೇಕಾದರೆ ಆಮ್ಲಜನಕ ಇನ್ನೂ ಕೆಳಗಿಳಿಯಬೇಕು. ಹಾಗಾಗಿ ಮೊದಲ ಹಂತದಲ್ಲಿ ಹಿಫ್ ನಾಶವಾಗದೆ ಉಳಿಯುತ್ತದೆ. ಕೊರತೆ ಇನ್ನಷ್ಟು ಕಠಿಣವಾದಾಗ ಎರಡನೆಯ ತಡೆಯೂ ಹೋಗಿ ಅದು ಪೂರ್ತಿ ಬಲದಿಂದ ಕೆಲಸ ಮಾಡುತ್ತದೆ. ಗುರುತಿಗೆ ತನ್ನದೇ ಅರ್ಥವಿಲ್ಲ, ಅದು ಯಾವ ಜಾಗದಲ್ಲಿದೆ, ಎದುರಿಗೆ ಯಾರಿದ್ದಾರೆ ಎಂಬುದರಿಂದ ಅರ್ಥ ಬರುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ವಿಎಚ್‌ಎಲ್ ಹಿಡಿದ ಮೇಲೆ ಹಿಫ್ ಗತಿ ಬೇಗ ಮುಗಿಯುತ್ತದೆ. ಯುಬಿಕ್ವಿಟಿನ್ ಎಂಬ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನನ್ನು ಸರಣಿಯಾಗಿ ಅದರ ಮೈಗೆ ಹಚ್ಚಲಾಗುತ್ತದೆ, ಪ್ರೋಟಿಯಾಸೋಮ್ ಎಂಬ ಜೀವಕೋಶದ ಕತ್ತರಿ ಅದನ್ನು ತುಂಡರಿಸುತ್ತದೆ. ಯುಬಿಕ್ವಿಟಿನ್‌ನ ಕಥೆಗೆ 2004ರಲ್ಲಿ ಬೇರೆಯೇ ನೊಬೆಲ್ ಬಂದಿದೆ, ಅದನ್ನು ಇಲ್ಲಿ ಬಿಡುತ್ತೇನೆ. ಆದರೆ ಒಂದು ಪ್ರಶ್ನೆಯನ್ನು ಬಿಡುವಂತಿಲ್ಲ. ಗಾಳಿ ಸಾಕಷ್ಟಿರುವಾಗಲೂ ಜೀವಕೋಶ ಹಿಫ್ ಆಲ್ಫಾವನ್ನು ತಯಾರಿಸುತ್ತಲೇ ಇರುತ್ತದೆ, ಐದು ನಿಮಿಷವೂ ಉಳಿಯದೆ ಅದು ನಾಶವಾಗುತ್ತಲೇ ಇರುತ್ತದೆ. ಇದು ದುಂದಲ್ಲವೇ? ಅಲ್ಲ ಎಂಬುದು ನನ್ನ ಅಭಿಪ್ರಾಯ. ಆಮ್ಲಜನಕ ನಿಂತಾಗ ಹೊಸ ಪ್ರೋಟೀನು ತಯಾರಾಗಲಿ ಎಂದು ಕಾಯುವ ಸ್ಥಿತಿಯಲ್ಲಿ ಜೀವಕೋಶ ಇರುವುದಿಲ್ಲ. ನಾಶ ನಿಂತರೆ ಸಾಕು, ಹಿಫ್ ಕೂಡಲೇ ಏರುತ್ತದೆ. ಆ ಕೆಲವು ನಿಮಿಷಗಳನ್ನು ಕೊಂಡುಕೊಳ್ಳಲು ಜೀವಕೋಶ ಜೀವನಪೂರ್ತಿ ಬೆಲೆ ತೆರುತ್ತದೆ.

ಪ್ರೋಲೀನಿಗೆ ಹೈಡ್ರಾಕ್ಸಿಲ್ ಸೇರುವುದು ವಿಜ್ಞಾನಕ್ಕೆ ಹೊಸದಾಗಿರಲಿಲ್ಲ. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳಲ್ಲಿರುವ ಕೊಲಾಜನ್‌ನಲ್ಲಿ ಅಂಥ ಪ್ರೋಲೀನುಗಳು ಹೇರಳ. ಕೊಲಾಜನ್ ಮೂರೆಳೆಯಾಗಿ ಹೊಸೆದುಕೊಂಡಿದೆ ಎಂಬ ಮಾದರಿಯನ್ನು 1950ರ ದಶಕದಲ್ಲಿ ಮದರಾಸಿನಲ್ಲಿ ಕಂಡುಕೊಟ್ಟವರು ಜಿ.ಎನ್. ರಾಮಚಂದ್ರನ್. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಆ ಮೂರೆಳೆಗಳು ಗಟ್ಟಿಯಾಗಿ ನಿಲ್ಲಲು ಹೈಡ್ರಾಕ್ಸಿಲ್ ಹೇಗೆ ನೆರವಾಗಬಹುದು ಎಂಬ ಬಗ್ಗೆ 1973ರಲ್ಲಿ ಅವರೂ ಸಂಗಡಿಗರೂ ಒಂದು ಊಹೆಯನ್ನು ಮಂಡಿಸಿದರು. ಕೊಲಾಜನ್‌ಗೆ ಆ ಹೈಡ್ರಾಕ್ಸಿಲ್ ಸೇರಿಸುವ ಕಿಣ್ವಕ್ಕೆ ಸಿ ಜೀವಸತ್ವ ಬೇಕು. ಹಳೆಯ ಕಾಲದ ನಾವಿಕರು ತಿಂಗಳುಗಟ್ಟಲೆ ಹಣ್ಣು ಸೊಪ್ಪು ಕಾಣದೆ ವಸಡಿನಲ್ಲಿ ರಕ್ತ ಸೋರಿ ಸಾಯುತ್ತಿದ್ದದ್ದು ಈ ಗುರುತು ಬೀಳದೆ ಎಳೆಗಳು ಸಡಿಲಗೊಂಡದ್ದರಿಂದ. ಹಿಫ್‌ಗೆ ಗುರುತು ಹಾಕುವ ಕಿಣ್ವಗಳೂ ಅದೇ ವಂಶದವು, ಕಬ್ಬಿಣವನ್ನೂ ಸಿ ಜೀವಸತ್ವವನ್ನೂ ಬಳಸುವಂಥವು. ಕಬ್ಬಿಣವನ್ನು ಹಿಡಿದಿಟ್ಟ ಪ್ರಯೋಗದ ಸುಳಿವು ಎಷ್ಟು ಬೆಲೆಯದ್ದಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಈ ಅಣುಗಳ ಕಥೆಗೆ ನಮ್ಮ ನಾಡಿನಲ್ಲಿ ಬದುಕುತ್ತಿರುವ ಒಂದು ಸಮುದಾಯದ ನಂಟೂ ಇದೆ. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟನ್ನರು ನೆಲೆಸಿದ್ದಾರೆ. ಅವರ ಪೂರ್ವಿಕರು ಸಾವಿರಾರು ವರ್ಷ ಬಾಳಿದ್ದು 4,000 ಮೀಟರಿನಷ್ಟು ಎತ್ತರದ ಪ್ರಸ್ಥಭೂಮಿಯಲ್ಲಿ. ಬಯಲಿನವರು ಅಲ್ಲಿ ಬಹುಕಾಲ ಇದ್ದರೆ ಕೆಂಪು ಕಣ ಏರಿ ರಕ್ತ ಮಂದವಾಗುತ್ತದೆ. ಟಿಬೆಟನ್ನರಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಏಕೆಂದು 2010ರಲ್ಲಿ ಹಲವು ತಂಡಗಳು ಅವರ ಡಿಎನ್‌ಎಯನ್ನು ಹುಡುಕಿದಾಗ ಎದ್ದು ಕಂಡ ವಂಶವಾಹಿಗಳಲ್ಲಿ ಒಂದು ಹಿಫ್ ಆಲ್ಫಾದ ಮತ್ತೊಂದು ಬಗೆಯಾದ ಹಿಫ್-2 ಆಲ್ಫಾದ್ದು, ಇನ್ನೊಂದು ಪ್ರೋಲೀನಿಗೆ ಗುರುತು ಹಾಕುವ ಕಿಣ್ವದ್ದು. ಮನುಷ್ಯರ ಒಂದು ಗುಂಪು ಎತ್ತರದ ನೆಲಕ್ಕೆ ಹೊಂದಿಕೊಳ್ಳುವಾಗ ನಿಸರ್ಗ ತಿದ್ದಿದ್ದು ಇದೇ ಏರ್ಪಾಡನ್ನು.

ನಿಸರ್ಗ ತಿದ್ದಿದಲ್ಲಿಗೇ ಈಗ ಔಷಧಗಳೂ ಬಂದಿವೆ. ಮೂತ್ರಪಿಂಡ ಕೆಟ್ಟವರಲ್ಲಿ ಎರಿತ್ರೊಪೊಯೆಟಿನ್ ಸಾಲದೆ ರಕ್ತಹೀನತೆಯಾಗುತ್ತದೆ. ಆ ಹಾರ್ಮೋನನ್ನು ಚುಚ್ಚುಮದ್ದಾಗಿ ಕೊಡುವುದು 1989ರಿಂದ ಬಳಕೆಯಲ್ಲಿದೆ. ಈಗ ಗುರುತು ಹಾಕುವ ಕಿಣ್ವವನ್ನೇ ತಡೆಯುವ ಮಾತ್ರೆಗಳಿವೆ. ಗುರುತಿಲ್ಲದಿದ್ದರೆ ವಿಎಚ್‌ಎಲ್ ಹಿಡಿಯದು, ಹಿಫ್ ಉಳಿಯುತ್ತದೆ, ದೇಹ ತನ್ನ ಹಾರ್ಮೋನನ್ನು ತಾನೇ ಮಾಡಿಕೊಳ್ಳುತ್ತದೆ. ರಾಕ್ಸಾಡುಸ್ಟಾಟ್ 2018ರಲ್ಲಿ ಚೀನಾದಲ್ಲಿ ಒಪ್ಪಿಗೆ ಪಡೆಯಿತು. ನಮ್ಮ ದೇಶದಲ್ಲೇ ಝೈಡಸ್ ಕಂಪನಿ ರೂಪಿಸಿದ ಡೆಸಿಡುಸ್ಟಾಟ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಚುಚ್ಚುಮದ್ದಿನ ಬದಲು ಮಾತ್ರೆ ಎಂದರೆ ದೂರದ ಊರುಗಳ ರೋಗಿಗೆ ಅದೇನೂ ಸಣ್ಣ ಅನುಕೂಲವಲ್ಲ. ಆದರೆ ಹಿಫ್ ಎಬ್ಬಿಸುವುದು ಕೆಂಪು ಕಣಗಳನ್ನು ಮಾತ್ರವಲ್ಲ. ಈ ವರ್ಗದ ಔಷಧಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯದ ಎಚ್ಚರಿಕೆ ಇದೆ. ಕ್ರೀಡಾಪಟುಗಳು ಇವನ್ನು ಸೇವಿಸುವುದು ನಿಷಿದ್ಧ. ತಜ್ಞರ ನಿಗಾ ಇಲ್ಲದೆ ಯಾರೂ ಇವುಗಳ ಹತ್ತಿರ ಹೋಗಬಾರದು.

ಎದುರು ದಿಕ್ಕಿನ ಔಷಧವೂ ಇದೆ. ವಿಎಚ್‌ಎಲ್ ಕೆಟ್ಟಿರುವ ರೋಗಿಗಳಲ್ಲಿ ಹಿಫ್ ಅಳತೆ ಮೀರಿ ಉಳಿಯುತ್ತದೆ. ಅದನ್ನು ಹಿಡಿಯುವವರಿಲ್ಲ. ಹಾಗಿದ್ದರೆ ಹಿಫ್-2 ಆಲ್ಫಾ ತನ್ನ ಜೊತೆಗಾರ ಬೀಟಾವನ್ನು ಸೇರದಂತೆ ತಡೆಯೋಣ ಎಂದು ಅಮೆರಿಕದ ಟೆಕ್ಸಸ್‌ನ ವಿಜ್ಞಾನಿಗಳು ಹೊರಟರು. ಎರಡು ಪ್ರೋಟೀನುಗಳು ಕೂಡುವ ಅಗಲವಾದ ಮೈಯನ್ನು ಒಂದು ಪುಟ್ಟ ಅಣು ಬಿಡಿಸಲಾರದು ಎಂಬ ನಂಬಿಕೆ ಔಷಧ ಜಗತ್ತಿನಲ್ಲಿ ಬಲವಾಗಿದ್ದ ಕಾಲ ಅದು. ಆದರೆ ಹಿಫ್-2 ಆಲ್ಫಾದ ಒಳಗೆ ಒಂದು ಪೊಳ್ಳು ಜಾಗ ಸಿಕ್ಕಿತು. ಅದರಲ್ಲಿ ಕೂರುವ ಅಣು ಪ್ರೋಟೀನಿನ ಆಕಾರವನ್ನು ತುಸು ಬದಲಿಸಿ ಕೂಡಿಕೆಯನ್ನು ಸಡಿಲಿಸುತ್ತದೆ. ಬೆಲ್ಜುಟಿಫಾನ್ ಎಂಬ ಆ ಮಾತ್ರೆಯನ್ನು ಈ ಕುಟುಂಬರೋಗದ ಗೆಡ್ಡೆಗಳಿಗೆ ಬಳಸಲು ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಸೆಮೆಂಜಾ, ರಾಟ್‌ಕ್ಲಿಫ್, ಕೇಲಿನ್ ಮೂವರಿಗೂ ನೊಬೆಲ್ ಬಂದದ್ದು ಅದಕ್ಕೆ ಎರಡು ವರ್ಷ ಮುಂಚೆ, 2019ರಲ್ಲಿ.

ಕೊನೆಯದಾಗಿ ಒಂದು ಬಿನ್ನಹ. ಫಾನ್ ಹಿಪ್ಪೆಲ್–ಲಿಂಡೌ ಕಾಯಿಲೆ ಇರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಒಬ್ಬರಿಗಿಂತ ಹೆಚ್ಚು ಮಂದಿಗೆ ಮೂತ್ರಪಿಂಡದ ಗೆಡ್ಡೆ, ಕಣ್ಣಿನ ಅಕ್ಷಿಪಟಲದ ಗೆಡ್ಡೆ, ಮೆದುಳಿನ ಅಥವಾ ಬೆನ್ನುಹುರಿಯ ರಕ್ತನಾಳದ ಗೆಡ್ಡೆ ಆಗಿದ್ದರೆ ಅದನ್ನು ಹಣೆಬರಹವೆಂದು ಸುಮ್ಮನಿರಬೇಡಿ. ವೈದ್ಯರಿಗೆ ಮನೆತನದ ಈ ವಿವರವನ್ನು ತಪ್ಪದೆ ಹೇಳಿ, ವಂಶವಾಹಿ ಪರೀಕ್ಷೆಯ ಬಗ್ಗೆ ಕೇಳಿ. ಕಾಯಿಲೆ ಇರುವುದು ಖಚಿತವಾದರೆ ಮಕ್ಕಳ ಕಣ್ಣನ್ನು ಎಳವೆಯಿಂದಲೇ, ಮುಂದೆ ಮೂತ್ರಪಿಂಡ ಮತ್ತು ಮೆದುಳನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು. ಗೆಡ್ಡೆ ಚಿಕ್ಕದಿರುವಾಗಲೇ ಕಂಡರೆ ದೃಷ್ಟಿಯನ್ನೂ ಮೂತ್ರಪಿಂಡವನ್ನೂ ಉಳಿಸಿಕೊಳ್ಳುವ ದಾರಿಗಳಿವೆ.